ಅಂಚಿನ ಮನೆಯ ಮೇಡಂ

ಯಾರೂ ಇಲ್ಲದ ತಮ್ಮ ಮನೆಗೆ ತಾವೇ ಫೋನ್ ಮಾಡುತ್ತಿದ್ದವರನ್ನು ನಾನು ನೋಡಿದ್ದು ಅವರೊಬ್ಬರನ್ನೇ. ವಿಜಯನಗರದ ನಮ್ಮ ಹೆಣ್ಣುಮಕ್ಕಳ ಕಾಲೇಜಿನ ಪಕ್ಕ ಒಂದು ಜೆರಾಕ್ಸ್ ಅಂಗಡಿ ಇತ್ತು. ಅದರ ಕಟ್ಟೆಯ ಮೇಲೆ ರೂಪಾಯಿ ನಾಣ್ಯ ಹಾಕುವ ಫೋನ್. ಬೆಳಗಿನ ಪಾಠ ಮುಗಿದ ಕೂಡಲೇ ಮೇಡಂ ಸೆರಗು ಹೊದ್ದುಕೊಂಡು ಅಲ್ಲಿಗೆ ಹೋಗಿ, ತಮ್ಮ ಮನೆಯ ನಂಬರ್ ಒತ್ತಿ, ಅತ್ತ ಗಂಟೆ ಹೊಡೆದುಕೊಳ್ಳುವುದನ್ನು ಕೇಳುತ್ತ ನಿಲ್ಲುತ್ತಿದ್ದರು. ಯಾರೂ ಎತ್ತುತ್ತಿರಲಿಲ್ಲ. ಹಾಗಾಗಿ ನಾಣ್ಯ ಹಾಕುವ ಪ್ರಮೇಯವೂ ಬರುತ್ತಿರಲಿಲ್ಲ. ಅದು ಅವರ ಮುಷ್ಟಿಯಲ್ಲೇ ಬೆವರಿಕೊಂಡು ಮರಳಿ ಪರ್ಸಿಗೆ ಹೋಗುತ್ತಿತ್ತು. ಒಮ್ಮೆ ಕೇಳಿದ್ದಕ್ಕೆ, "ರಿಂಗ್ ಆಗ್ತಿದೆ ಅಂದ್ರೆ ಮನೆ ಇನ್ನೂ ಇದೆ ಅಂತ," ಎಂದಿದ್ದರು. ತಮಾಷೆಗೆ ಹೇಳಿದ್ದಲ್ಲ.

ಅವರು ತೀರಿಕೊಂಡರೆಂದು ಅವರ ಯಜಮಾನರು ತಿಳಿಸಿದಾಗ, ಅವರ ಮುಖಕ್ಕಿಂತ ಮೊದಲು ನೆನಪಾದದ್ದು ಫೋನ್ ಕಿವಿಗಿಟ್ಟು ಉಸಿರು ಬಿಗಿಹಿಡಿದು ನಿಂತ ಆ ಭಂಗಿ. ಭಯಸ್ಥರ ಬಗ್ಗೆ ಯಾರೂ ಬರೆಯುವುದಿಲ್ಲ. ಬರೆದರೂ ನಗಿಸಲಿಕ್ಕೆ ಬರೆಯುತ್ತಾರೆ. ನಾನು ಕಂಡವರಲ್ಲಿ ಅವರಷ್ಟು ಭಯಪಟ್ಟವರು ಬೇರೆ ಇಲ್ಲ. ಆದರೂ ಇಷ್ಟು ವರ್ಷಗಳ ಮೇಲೆ ಯಾಕೋ ಅವರನ್ನು ನೆನೆದಾಗ ನಗು ಬರುವುದಿಲ್ಲ.

ಅವರು ಚರಿತ್ರೆಯ ಉಪನ್ಯಾಸಕಿ, ನಾನು ಕನ್ನಡದವಳು. ನನಗಿಂತ ಸಾಕಷ್ಟು ಹಿರಿಯರು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ, ಅಂದರೆ ಎರಡು ಸಾವಿರದ ಇಸವಿ ಆಗತಾನೇ ದಾಟಿದ್ದ ಕಾಲದಲ್ಲಿ, ಅವರು ಬಸವೇಶ್ವರನಗರದ ಬಾಡಿಗೆ ಮನೆ ಬಿಟ್ಟು ಮಲ್ಲತ್ತಹಳ್ಳಿ ಕೆರೆಯ ಆಚೆ ಒಂದು ಹೊಸ ಬಡಾವಣೆಯಲ್ಲಿ ಸ್ವಂತ ಮನೆ ಕಟ್ಟಿಕೊಂಡಿದ್ದರು. ಬಡಾವಣೆ ಎಂದರೆ ಆಗ ಬರೀ ನಂಬರ್ ಬರೆದ ಕಲ್ಲುಗಳು. ಮನೆ ಅಂತ ಇದ್ದದ್ದು ಅದೊಂದೇ. ಯಜಮಾನರು ಟೆಲಿಫೋನ್ ಇಲಾಖೆಯವರಾದ್ದರಿಂದ ನೀರಿಗಿಂತ ಮೊದಲು ಫೋನ್ ಬಂದಿತ್ತು. ಹೊಲಗಳ ನಡುವೆ ಕಂಬಗಳ ಸಾಲು, ಅದರ ಕೊನೆಯಲ್ಲಿ ಇವರ ಮನೆ. ಅಷ್ಟು ದೂರ ಯಾಕೆ ಹೋದಿರಿ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳುತ್ತಿದ್ದರು. ಬಾಡಿಗೆ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮಾಲೀಕರನ್ನು ಕೇಳಬೇಕಾಗಿತ್ತು ಎನ್ನುವುದೇ ಅವರ ಉತ್ತರ. ಇನ್ನು ಕೆಲವೇ ವರ್ಷಗಳಲ್ಲಿ ಊರೇ ನಿಮ್ಮ ಬಾಗಿಲಿಗೆ ಬರುತ್ತದೆ ಎಂದು ಸೈಟ್ ಮಾರಿದವನು ಹೇಳಿದ್ದನಂತೆ. ಮೇಡಂ ಅದನ್ನು ನಂಬಿ ಕಾಯುತ್ತಿದ್ದರು.

ನನ್ನ ಸ್ಕೂಟಿಯಲ್ಲಿ ಅವರನ್ನು ಮನೆಗೆ ಬಿಡಲು ಮೊದಲ ಸಲ ಹೋದ ದಿನ, ಮೂಡಲಪಾಳ್ಯ ದಾಟಿದ ಮೇಲೆ ಅವರ ಕೈ ನನ್ನ ಭುಜವನ್ನು ಬಿಗಿಯಾಗಿ ಹಿಡಿಯಿತು. ಮನೆ ಹತ್ತಿರವಾದಷ್ಟೂ ಹಿಡಿತ ಬಿಗಿಯಾಯಿತು. ಸಾಮಾನ್ಯವಾಗಿ ಜನಕ್ಕೆ ಮನೆ ಹತ್ತಿರವಾದರೆ ಸಮಾಧಾನ, ಇವರಿಗೆ ಉಲ್ಟಾ. ಅಂಗಳದ ಹಗ್ಗದ ಮೇಲೆ ಗಂಡಸರ ಶರಟುಗಳು ತೂಗುತ್ತಿದ್ದವು, ಬಾಗಿಲ ಬಳಿ ಮೂರು ಜೊತೆ ಗಂಡಸರ ಚಪ್ಪಲಿ. ಮನೆಯಲ್ಲಿ ನೆಂಟರಿದ್ದಾರೇನೋ ಎಂದುಕೊಂಡೆ. ಇರಲಿಲ್ಲ. ಯಜಮಾನರು ಡ್ಯೂಟಿಗೆ ಹೋದಾಗಲೆಲ್ಲ ಹೊರಗಿನವರಿಗೆ ಮನೆ ತುಂಬ ಗಂಡಸರಿದ್ದಾರೆ ಅನ್ನಿಸಲಿ ಎಂದು ಅವರೇ ಹೀಗೆ ಹರವಿಟ್ಟು ಬರುತ್ತಿದ್ದರು. ಯಾರಿಗೆ ಹೆದರುತ್ತೀರಿ ಎಂದರೆ ಹೇಳಲು ಅವರಿಗೆ ಹೆಸರಿರಲಿಲ್ಲ. ಹೊಲದಲ್ಲಿ ಯಾರಾದರೂ ನಡೆದು ಹೋದರೆ, "ನಮ್ಮನ್ನೇ ನೋಡ್ಕೊಂಡು ಹೋಗ್ತಾರೆ ಅನ್ಸುತ್ತೆ ಕಣ್ರೀ," ಎನ್ನುತ್ತಿದ್ದರು.

ಒಂದು ದಿನ ಆ ಫೋನನ್ನು ಯಾರೋ ಎತ್ತಿದರು. ನಾನು ಪಕ್ಕದಲ್ಲೇ ಇದ್ದೆ. ಮೇಡಂ ನಾಣ್ಯ ಹಾಕಲು ಹೋಗಿ ಅದು ಕೈಜಾರಿ ಚರಂಡಿಯತ್ತ ಉರುಳಿತು. ನಾನು ನನ್ನದೊಂದನ್ನು ತುರುಕಿದೆ. ಅತ್ತ ಕಡೆಯ ದನಿ ಎಷ್ಟು ದೊಡ್ಡದಿತ್ತೆಂದರೆ ನನಗೂ ಕೇಳಿಸಿತು.

"ನಾನು ಕಣವ್ವ. ಹಿತ್ಲ ಬಾಗ್ಲು ತೆಗ್ದೇ ಹೋಗಿದ್ದೀಯ. ಕರ ಒಳಿಕ್ಕೆ ನುಗ್ಬುಟ್ಟಿತ್ತು, ಓಡ್ಸಾಕ್ ಬಂದೆ. ಇದು ಬಡ್ಕೊಂತಾನೇ ಇತ್ತು, ಎತ್ಗಂಡೆ."

ಪಕ್ಕದ ಹಳ್ಳಿಯ ಒಬ್ಬ ಅಜ್ಜಿ. ದಿನಾ ಆ ಬಯಲಲ್ಲಿ ಹಸು ಮೇಯಿಸಲು ಬರುತ್ತಿದ್ದಳು. ಮೇಡಂ ಅವಳನ್ನು ಕಿಟಕಿಯಿಂದ ನೋಡುತ್ತಿದ್ದರೇ ವಿನಾ ಎಂದೂ ಮಾತಾಡಿಸಿರಲಿಲ್ಲ. ಆ ಸಂಜೆ ನಾನೂ ಜೊತೆಗೆ ಹೋದೆ. ಅಜ್ಜಿ ಹಿತ್ತಲ ಮೆಟ್ಟಿಲ ಮೇಲೆ ಕಾವಲು ಕೂತಿದ್ದಳು. ಮೇಡಂ ಕಾಫಿ ಕೊಟ್ಟರು. ಕುಡಿಯುತ್ತ ಅಜ್ಜಿ ಮನೆಯನ್ನೆಲ್ಲ ಒಮ್ಮೆ ಕಣ್ಣಾಡಿಸಿ, ಇದು ನಮ್ಮ ಹೊಲ, ನಿನ್ನ ಅಡುಗೆಮನೆ ಇರುವ ಕಡೆ ಅವರೆ ಚೆನ್ನಾಗಿ ಬರುತ್ತಿತ್ತು ಎಂದಳು. ಗಂಡ ಸತ್ತ ಮೇಲೆ ಮೈದುನಂದಿರು ಮಾರಿಬಿಟ್ಟರಂತೆ, ಇವಳಿಗೆ ತಿಳಿದದ್ದು ಕಲ್ಲು ನೆಟ್ಟ ಮೇಲೆ. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಹೋದ ವರ್ಷದ ಮಳೆಯ ಸುದ್ದಿ ಹೇಳುವ ಹಾಗೆ ಹೇಳಿ, ಲೋಟ ತೊಳೆದಿಟ್ಟು, ಕರು ಹೊಡೆದುಕೊಂಡು ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು ಎಂದು ಮೇಡಂ ಆಮೇಲೆ ಎಷ್ಟೋ ಸಲ ಹೇಳಿದ್ದುಂಟು.

ಅಜ್ಜಿಗೂ ಅವರಿಗೂ ಅಂದಿನಿಂದ ಒಂದು ಬಗೆಯ ಒಡನಾಟ ಬೆಳೆಯಿತು. ಸ್ನೇಹ ಎನ್ನಲು ನನಗೆ ಧೈರ್ಯವಿಲ್ಲ. ಅಜ್ಜಿ ಸೊಪ್ಪು ತರುತ್ತಿದ್ದಳು, ಇವರು ಉಳಿದ ಅನ್ನ ಹಸುವಿಗೆ ಇಡುತ್ತಿದ್ದರು. ಅವಳು ಬಯಲಲ್ಲಿದ್ದರೆ ಮೇಡಂ ಕಿಟಕಿ ತೆರೆದಿಡುತ್ತಿದ್ದರು. ಆದರೆ ಅವಳು ಹಿತ್ತಲಿಗೆ ಬಂದು "ನಮ್ಮ ಹೊಲ" ಎಂದ ಪ್ರತಿ ಸಲವೂ ಇವರು ಮಾತು ಬದಲಿಸಿ ಕಾಫಿ ಕಾಯಿಸಲು ಒಳಗೆ ಹೋಗುತ್ತಿದ್ದರಂತೆ.

ನಮ್ಮ ಕ್ಲಾಸುಗಳ ನಡುವೆ ಇದ್ದದ್ದು ತೆಳು ಹಲಗೆಯ ಗೋಡೆ. ಅವರ ಅಮೆರಿಕದ ಚರಿತ್ರೆಯನ್ನು ನಾನು ವರ್ಷವೂ ಕೇಳಿಸಿಕೊಳ್ಳುತ್ತಿದ್ದೆ. ಗಡಿಯಂಚಿನ ನೆಲೆಗಳು ಬೆಳೆಯುತ್ತಿದ್ದ ರಾಷ್ಟ್ರದ ಮೇಲೆ ಬೀರಿದ ಪರಿಣಾಮಗಳನ್ನು ವಿವರಿಸಿ ಎನ್ನುವುದು ಪರೀಕ್ಷೆಗೆ ಬರುತ್ತಲೇ ಇದ್ದ ಪ್ರಶ್ನೆ. ಪಶ್ಚಿಮಕ್ಕೆ ಗಾಡಿ ಕಟ್ಟಿಕೊಂಡು ಹೊರಟ ಜನ, ಖಾಲಿ ಬಿದ್ದಿದ್ದ ವಿಶಾಲ ಭೂಮಿ, ಸ್ವಾವಲಂಬನೆ, ಸಮಾನತೆ, ರೈಲು, ಗೋಧಿ, ಹೊಸ ರಾಜ್ಯಗಳು. ಹುಡುಗಿಯರು ಇದನ್ನು ರಾಗವಾಗಿ ಒಪ್ಪಿಸುತ್ತಿದ್ದರು. ಅಜ್ಜಿ ಫೋನ್ ಎತ್ತಿದ ಆ ವರ್ಷ, ಮೇಡಂ "ಖಾಲಿ ಬಿದ್ದಿದ್ದ" ಎನ್ನುವಲ್ಲಿಗೆ ಬಂದು ನಿಂತುಬಿಟ್ಟರು. ಎಷ್ಟು ಹೊತ್ತು ನಿಂತರೆಂದರೆ ನಾನೂ ಪದ್ಯ ಓದುವುದನ್ನು ನಿಲ್ಲಿಸಿ ಆಲಿಸಿದೆ. ಆಮೇಲೆ ಅವರು ನಿಧಾನವಾಗಿ, ಅಲ್ಲಿ ಮೊದಲೇ ಜನ ಇದ್ದರು, ಅವರನ್ನು ಓಡಿಸಿದರು, ಕೊಂದರು ಎಂದು ಹೇಳಿದರು. ಅದು ಪುಸ್ತಕದಲ್ಲೂ ಒಂದು ಸಾಲಾಗಿ ಇತ್ತು. ಇಲ್ಲದ್ದನ್ನು ಅವರು ಕೊನೆಗೆ ಸೇರಿಸಿದರು.

"ಇನ್ನೊಂದು ಪಾಯಿಂಟ್ ಇದೆ. ಭಯ. ಹೋಗಿ ಕೂತವರು ಮೊದಲನೇ ದಿನದಿಂದಾನೇ ಭಯದಲ್ಲಿದ್ರು. ಭಯಕ್ಕೆ ಬೇಲಿ ಹಾಕಿದ್ರು, ಭಯಕ್ಕೆ ಬಂದೂಕು ಇಟ್ಕೊಂಡ್ರು, ಆಮೇಲೆ ಆ ಭಯಾನೇ ಕಾನೂನು ಆಯ್ತು. ಅಷ್ಟು ದೊಡ್ಡ ದೇಶ ಆದ್ಮೇಲೂ ಅದು ಹೋಗ್ಲಿಲ್ಲ." ಮರುಕ್ಷಣವೇ, "ಇದನ್ನ ಎಕ್ಸಾಮ್‌ನಲ್ಲಿ ಬರೀಬೇಡಿ. ಮಾರ್ಕ್ಸ್ ಬರಲ್ಲ," ಎಂದರು.

ಹುಡುಗಿಯರು ನಕ್ಕರು. ಮೇಡಂ ನಕ್ಕ ಸದ್ದು ಕೇಳಲಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಅವರು ಬೇಲಿಯ ವಿರೋಧಿ ಎಂದುಕೊಳ್ಳಬಾರದು. ನಾಲ್ಕೈದು ವರ್ಷಗಳಲ್ಲಿ ಬಡಾವಣೆ ತುಂಬತೊಡಗಿತು. ಬ್ಯಾಂಕಿನವರು, ಮೇಷ್ಟರು, ಕಾರ್ಖಾನೆಯಿಂದ ನಿವೃತ್ತರಾದವರು ಬಂದರು. ಸಂಘ ಹುಟ್ಟಿತು. ಯಾರದೋ ಮನೆಯ ನೀರಿನ ಮೋಟರ್ ಕಳುವಾದಾಗ, ಹಳ್ಳಿಯ ಕಡೆಗೆ ಗೋಡೆ ಕಟ್ಟಿ ಗೇಟ್ ಇಡಬೇಕೆಂಬ ಮಾತು ಬಂತು. ಅದಕ್ಕಾಗಿ ಬರೆದ ಅರ್ಜಿಗೆ ಮೊದಲ ಸಹಿ ಮೇಡಂದೇ. ಬಡಾವಣೆಯ ಮೊದಲ ಮನೆಯವರು ಎಂಬ ಗೌರವಕ್ಕೆ, ಗೇಟಿನ ಪಕ್ಕದ ಮನೆ ಎಂಬ ಅನುಕೂಲಕ್ಕೆ, ಬೀಗದ ಕೈಯನ್ನೂ ಅವರಿಗೇ ಕೊಟ್ಟರು. ಗೋಡೆ ಎದ್ದ ವಾರ ಅವರು ಸ್ಟಾಫ್ ರೂಮಿಗೆ ಮೈಸೂರು ಪಾಕ್ ತಂದಿದ್ದರು. ಮುಖದಲ್ಲಿ ಚೆನ್ನಾಗಿ ನಿದ್ದೆ ಮಾಡಿದವರ ಅಪರೂಪದ ಕಳೆ ಇತ್ತು.

ಆ ಗೋಡೆ ಹಳ್ಳಿಯ ಹಳೆಯ ಕಾಲುದಾರಿಯೊಂದನ್ನು ಮುಚ್ಚಿತ್ತು. ಕೆರೆಗೂ, ಕೆರೆಯ ಮಗ್ಗುಲಿನ ಸ್ಮಶಾನಕ್ಕೂ ಹಳ್ಳಿಯವರು ಹೋಗುತ್ತಿದ್ದದ್ದು ಅಲ್ಲೇ. ಸುತ್ತು ಹಾಕಿ ಹೋಗಲು ಬೇರೆ ರಸ್ತೆಯಿದೆಯಲ್ಲ ಎಂದಿತು ಸಂಘ. ಇತ್ತು, ಲಾರಿಗಳು ಓಡಾಡುವ ದೂರದ ರಸ್ತೆ. ಅಜ್ಜಿಯ ಕಾಲಿಗೆ ಅಷ್ಟು ದೂರ ಆಗಲಿಲ್ಲ. ಅವಳು ಬರುವುದು ನಿಂತಿತು. ಮೇಡಂ ಅದನ್ನು ನನಗೆ ಹೇಳಿದ್ದು ಬಹಳ ದಿನಗಳ ಮೇಲೆ, ಅದೂ ಬೇರೇನೋ ಮಾತಿನ ನಡುವೆ. ಗೋಡೆ ಬಂದ ಮೇಲೂ ಅವರು ಕಾಲೇಜಿನಿಂದ ಫೋನ್ ಮಾಡುವುದನ್ನು ಬಿಟ್ಟಿರಲಿಲ್ಲ.

ಒಂದು ಭಾನುವಾರ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಹನ್ನೊಂದರ ಬಿಸಿಲು. ದೂರದಿಂದ ತಮಟೆ ಸದ್ದು ಬಂತು, ಹತ್ತಿರವಾಯಿತು, ಗೇಟಿನ ಹೊರಗೆ ಬಂದು ನಿಂತಿತು. ಯಜಮಾನರು ಹೋಗಿ ನೋಡಿ ಬಂದು, ಅಜ್ಜಿ ಹೋಗಿಬಿಟ್ಟಿದ್ದಾಳೆ, ಈ ದಾರಿಯಲ್ಲೇ ಒಯ್ಯಬೇಕೆಂದು ಕೇಳುತ್ತಿದ್ದಾರೆ ಎಂದರು. ಅಷ್ಟರಲ್ಲಿ ಸಂಘದ ಅಧ್ಯಕ್ಷರು ಇನ್ನಿಬ್ಬರೊಂದಿಗೆ ಬಂದರು. ಸಭ್ಯ ಮನುಷ್ಯ, ದನಿ ಏರಿಸಿದವರಲ್ಲ. ಇವತ್ತು ತೆಗೆದರೆ ನಾಳೆ ಅದು ಹಕ್ಕಾಗುತ್ತದೆ, ಗೋಡೆ ಕಟ್ಟಿದ್ದೇ ವ್ಯರ್ಥವಾಗುತ್ತದೆ, ಪೊಲೀಸರಿಗೆ ಫೋನ್ ಮಾಡಿದ್ದೇವೆ, ಅಲ್ಲಿಯವರೆಗೆ ನೀವು ಒಳಗೇ ಇದ್ದುಬಿಡಿ ಎಂದು ಮೇಡಂಗೆ ಹೇಳಿದರು. ಒಳಗಿರುವುದು ಅವರಿಗೆ ಸುಲಭದ ಕೆಲಸವೇ ಆಗಿತ್ತು. ಹಾಗೆಯೇ ಮಾಡುತ್ತಾರೆಂದು ನಾನು ಅಂದುಕೊಂಡೆ.

ಅವರು ದೇವರ ಮನೆಗೆ ಹೋಗಿ ಬೀಗದ ಕೈ ತಂದರು. ಗೋಡೆ ಹಿಡಿದುಕೊಂಡು ಗೇಟಿನವರೆಗೆ ನಡೆದರು. ಗೇಟಿನ ಸರಳುಗಳಾಚೆ ಅಜ್ಜಿಯ ಮೊಮ್ಮಗ ನಿಂತಿದ್ದ, ಇಪ್ಪತ್ತೈದರ ಆಸುಪಾಸಿನವನು, ಕೈಯಲ್ಲಿ ಬೆಂಕಿಯ ಮಡಕೆ. ಅವನ ಹಿಂದೆ ಚಟ್ಟದ ಮೇಲೆ ಅಜ್ಜಿ, ತೀರಾ ಸಣ್ಣದಾಗಿ ಕಾಣುತ್ತಿದ್ದಳು. ಅಧ್ಯಕ್ಷರು ಹಿಂದಿನಿಂದ ಎರಡು ಸಲ "ಮೇಡಂ" ಎಂದರು. ಬೀಗದ ಕೈ ಕಿಂಡಿಗೆ ಕೂರುತ್ತಿರಲಿಲ್ಲ. ಮೊಮ್ಮಗ ಅದನ್ನೇ ನೋಡುತ್ತಿದ್ದ.

"ಬೇಗ ತೆಗೀರಿ ಮೇಡಂ. ಅಜ್ಜಿಗೆ ಬಿಸ್ಲು."

ಬೀಗ ತೆರೆಯಿತು. ಜನ ಸಾಗಿದರು. ಯಾರೂ ಅವರಿಗೆ ಕೈ ಮುಗಿಯಲಿಲ್ಲ, ಬೈಯಲೂ ಇಲ್ಲ. ಎರಚಿದ ಪುರಿ ಅವರ ಸೀರೆಯ ನೆರಿಗೆಯಲ್ಲೂ ಬಿತ್ತು. ಕೊನೆಯವರು ದಾಟಿದ ಮೇಲೆ ಮೇಡಂ ಬರಿಗಾಲಿನಲ್ಲಿ ಅವರ ಹಿಂದೆಯೇ ಹೊರಟರು. ನಾನು ಚಪ್ಪಲಿ ಹಿಡಿದು ಓಡಿದೆ. ಕೆರೆಯ ಏರಿಯವರೆಗೆ ಹೋಗಿ ಅಲ್ಲಿ ನಿಂತುಬಿಟ್ಟರು. ಮುಂದೆ ಹೋಗುವ ಹಕ್ಕು ತಮಗಿದೆಯೋ ಇಲ್ಲವೋ ಅವರಿಗೆ ತಿಳಿಯಲಿಲ್ಲ. ಮಣ್ಣು ಹಾಕುವುದು ಮುಗಿಯುವವರೆಗೂ ಅಲ್ಲೇ ನಿಂತಿದ್ದರು.

ಆ ಸಂಜೆಯೇ ಬೀಗ ಬದಲಾಯಿತು, ಹೊಸ ಬೀಗದ ಕೈ ಬೇರೆಯವರ ಮನೆಗೆ ಹೋಯಿತು. ನವರಾತ್ರಿಯಲ್ಲಿ ಬೀದಿಯ ಯಾವ ಮನೆಯಿಂದಲೂ ಕುಂಕುಮಕ್ಕೆ ಕರೆ ಬರಲಿಲ್ಲ. ಹಾಲಿನವನೂ ಪೇಪರಿನವನೂ ಇವರ ಮನೆಯ ವಿಷಯ ಮಾತಾಡುವಂತಾಯಿತು. ಮರುತಿಂಗಳು ಮುಂದಿನ ಕೋಣೆಯ ಕಿಟಕಿಗೆ ಒಂದು ಕಲ್ಲು ಬಿತ್ತು. ನಡುಹಗಲು, ಯಾರೂ ಕಾಣಲಿಲ್ಲ. ಗಾಜಿನ ಚೂರುಗಳನ್ನು ಮೊರದಲ್ಲಿ ಗುಡ್ಡೆ ಹಾಕುತ್ತ ಮೇಡಂ ನನಗೆ ಹೇಳಿದ್ದು ಇಷ್ಟು: "ಹಳ್ಳಿಯವರು ಎಸೆದ್ರೋ, ನಮ್ಮೋರೇ ಎಸೆದ್ರೋ ಗೊತ್ತಾಗಿದ್ರೆ ಅರ್ಧ ಭಯ ಕಡಿಮೆ ಆಗ್ತಿತ್ತು." ಮನೆ ಮಾರಿ ಹೋಗೋಣ ಎಂದು ಯಜಮಾನರು ಒಮ್ಮೆ ಅಂದರಂತೆ. ಹೋದಲ್ಲಿ ಮತ್ತೆ ಯಾರ ಹೊಲವೋ ಎಂದು ಇವರು ಒಪ್ಪಲಿಲ್ಲ. ಬೇಡವೆಂದವರು ನೆಮ್ಮದಿಯಿಂದಲೂ ಇರಲಿಲ್ಲ. ರಕ್ತದೊತ್ತಡದ ಮಾತ್ರೆ ಶುರುವಾದದ್ದು ಆ ವರ್ಷವೇ.

ಮುಂದೆ ಸುತ್ತಲ ಹಳ್ಳಿಗಳೆಲ್ಲ ಪಾಲಿಕೆಗೆ ಸೇರಿದವು. ರಸ್ತೆ ಅಗಲಿಸುವಾಗ ಆ ಗೋಡೆಯನ್ನು ಜೆಸಿಬಿ ಬಂದು ಒಂದೇ ಬೆಳಗಿನಲ್ಲಿ ಕೆಡವಿತು. ಸಂಘದವರೂ ಹಳ್ಳಿಯವರೂ ಅಕ್ಕಪಕ್ಕ ನಿಂತು ನೋಡಿದರು. ಅಜ್ಜಿಯ ಮೊಮ್ಮಗ ತಮ್ಮ ಪಾಲಿಗೆ ಉಳಿದಿದ್ದ ತುಂಡು ಜಾಗದಲ್ಲಿ ಸಾಲು ಮನೆ ಕಟ್ಟಿ ಬಾಡಿಗೆಗೆ ಕೊಟ್ಟ. ಕೆರೆಯ ಅಂಚಿಗೆ ನೀಲಿ ಟಾರ್ಪಾಲಿನ ಗುಡಿಸಲುಗಳು ಬಂದವು. ರಾಯಚೂರು, ಯಾದಗಿರಿ ಕಡೆಯಿಂದ ಬಂದ ಗಾರೆ ಕೆಲಸದವರು, ಈ ಎಲ್ಲ ಹೊಸ ಮನೆಗಳನ್ನು ಕಟ್ಟುತ್ತಿದ್ದವರು.

ಮೇಡಂ ನಿವೃತ್ತರಾಗುವ ಸ್ವಲ್ಪ ಮೊದಲು, ನಾನು ಅವರ ಮನೆಯಲ್ಲಿದ್ದಾಗಲೇ, ಆ ಮೊಮ್ಮಗ ಬಂದ. ಈಗ ಮೈತುಂಬಿಕೊಂಡಿದ್ದ, ಬೈಕಿನ ಕೀಲಿ ಬೆರಳಲ್ಲಿ ತಿರುಗುತ್ತಿತ್ತು. ಅವನ ಕೈಯಲ್ಲೊಂದು ಅರ್ಜಿ. ಗುಡಿಸಲಿನವರು ಓಡಾಡುವ ಓಣಿಗೆ ಗೇಟ್ ಹಾಕಬೇಕು, ಹಳ್ಳಿಯವರೂ ಬಡಾವಣೆಯವರೂ ಒಪ್ಪಿದ್ದಾರೆ, ಹಳಬರಾದ ನಿಮ್ಮ ಸಹಿ ಇದ್ದರೆ ತೂಕ ಬರುತ್ತದೆ ಎಂದ. ಮರ್ಯಾದೆಯಿಂದಲೇ ಕೇಳಿದ.

"ಎಲ್ಲೆಲ್ಲಿಂದಲೋ ಬಂದು ಸೇರ್ಕೊಂಡವ್ರೆ ಮೇಡಂ. ಹೆಂಗಸ್ರು ಮಕ್ಳು ಇರೋ ಜಾಗ. ಭಯ ಆಗುತ್ತೆ."

ಮೇಡಂ ಅವನಿಗೆ ಕಾಫಿ ತಂದುಕೊಟ್ಟರು. ಅವನ ಎದುರಿಗೆ ಕೂತರು. ಬಹಳ ಹೊತ್ತು ಆ ಕಾಗದವನ್ನು ಓದಿದರು, ಅದರಲ್ಲಿ ಓದಲು ಅಷ್ಟೇನೂ ಇರಲಿಲ್ಲ.

"ನನಗೂ ಭಯ ಆಗುತ್ತಪ್ಪ," ಎಂದರು. "ನಿನಗಿಂತ ಜಾಸ್ತಿನೇ ಆಗುತ್ತೆ. ಆದ್ರೆ ಈ ಸಲ ಸೈನ್ ಹಾಕಲ್ಲ."

ಅವನು ವಾದ ಮಾಡಲಿಲ್ಲ. ಲೋಟ ಕೆಳಗಿಟ್ಟು, ನಿಮ್ಮಿಷ್ಟ ಮೇಡಂ ಎಂದು ಎದ್ದ. ಬೈಕಿನ ಸದ್ದು ಮರೆಯಾದ ಮೇಲೆ, ಯಜಮಾನರು ಬರುವವರೆಗೆ ಇರುತ್ತೀರಾ ಎಂದು ಮೇಡಂ ನನ್ನನ್ನು ಕೇಳಿದರು. ಇದ್ದೆ.

ಗೇಟ್ ಬಂತು. ಅವರ ಸಹಿ ಇಲ್ಲದೆಯೇ ಬಂತು. ಗುಡಿಸಲಿನ ಹೆಂಗಸರು ಮನೆಗೆಲಸಕ್ಕೆ ಬಡಾವಣೆಗೆ ಬರಲು, ಮಕ್ಕಳು ಅಂಗನವಾಡಿಗೆ ಹೋಗಲು ಲಾರಿ ರಸ್ತೆಯನ್ನೇ ಸುತ್ತಬೇಕಾಯಿತು. ಇದಾಗಿ ಕೆಲವು ದಿನಗಳಲ್ಲಿ ಮೇಡಂ ಒಬ್ಬ ಮೇಸ್ತ್ರಿಯನ್ನು ಕರೆಸಿ, ಕೆರೆಯ ಕಡೆಗಿದ್ದ ತಮ್ಮ ಹಿತ್ತಲ ಕಾಂಪೌಂಡನ್ನು ಒಬ್ಬ ಮನುಷ್ಯ ನುಗ್ಗುವಷ್ಟು ಒಡೆಸಿದರು. ಯಜಮಾನರಿಗೆ ಮೊದಲು ತಿಳಿಸಲೂ ಇಲ್ಲ. ಗುಡಿಸಲಿನವರು ಈಗ ಹಿತ್ತಲಿನಿಂದ ಮನೆಯ ಮಗ್ಗುಲಲ್ಲೇ ಹಾದು, ಮುಂದಿನ ಗೇಟಿನಿಂದ ರಸ್ತೆಗೆ ಇಳಿಯಬಹುದಾಗಿತ್ತು. ಬೀದಿಯವರು ಮತ್ತೆ ಮಾತು ಬಿಟ್ಟರು. ಅಧ್ಯಕ್ಷರು ಮಾತ್ರ ಒಂದು ದಿನ ನಿಂತು, ನಿಮಗೆ ನಿದ್ದೆ ಬರುತ್ತದೆಯೇ ಎಂದು ಕೇಳಿದರಂತೆ. ನಿಜವಾದ ಕಾಳಜಿಯಿಂದಲೇ ಕೇಳಿದ್ದು. ಬರುವುದಿಲ್ಲ ಎಂದು ಇವರೂ ನಿಜವನ್ನೇ ಹೇಳಿದರು.

ನಾನು ಕೊನೆಯ ಸಲ ಹೋದಾಗ ಇಬ್ಬರೂ ನಡುಮನೆಯಲ್ಲಿ ಕೂತಿದ್ದೆವು. ಹೃದಯಕ್ಕೆ ಏನೋ ತೊಂದರೆಯೆಂದು ಡಾಕ್ಟರು ಹೇಳಿದ್ದರು, ಓಡಾಟ ಕಡಿಮೆಯಾಗಿತ್ತು. ಹಿತ್ತಲ ಕಡೆಯಿಂದ ಹೆಜ್ಜೆ ಸಪ್ಪಳ ಕೇಳಿತು. ಮಾತಾಡುತ್ತಿದ್ದವರು ತಟ್ಟನೆ ನಿಲ್ಲಿಸಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಕಂಕುಳಲ್ಲಿ ಮಗು ಎತ್ತಿಕೊಂಡ ಒಬ್ಬ ಹೆಂಗಸು ಕಿಟಕಿಯ ಪಕ್ಕ ಹಾದುಹೋದಳು. ಒಳಗೆ ಇಣುಕಿ, "ಹೋಗಿ ಬರ್ತೀನ್ರಿ ಅಮ್ಮಾರ," ಎಂದಳು.

"ಹ್ಞೂಂ, ಹೋಗಿ ಬಾ," ಎಂದರು ಮೇಡಂ. ದನಿ ಎಂದಿನಂತೆಯೇ ಇತ್ತು. ಅವಳು ಗೇಟು ದಾಟಿ ರಸ್ತೆಗೆ ಇಳಿಯುವವರೆಗೂ ನನ್ನ ಕೈ ಬಿಡಲಿಲ್ಲ.